ಏಳು ಮಕ್ಕಳ ಬ್ರಹ್ಮಚಾರಿ

ಟೀವಿಯಲ್ಲಿ ಆ ಹಳೇ ಚಿತ್ರದ ಹಾಡು ಶುರುವಾದದ್ದೇ ತಡ, ಟೋರ್ಲೈವ್ ಅಜ್ಜನ ಕೈಯಲ್ಲಿದ್ದ ಕಿತ್ತಳೆ ಜಾರಿ ಬಿತ್ತು. ಈಸ್ಟರ್ ರಜೆಯಲ್ಲಿ ಹಳೇ ಚಿತ್ರ ಹಾಕುವುದು ಟೀವಿಯವರ ರೂಢಿ, ಸರಿ. ಆದರೆ ಇವತ್ತೇ, ಇದನ್ನೇ ಹಾಕಬೇಕಿತ್ತೇ? ಎದುರಿಗೆ ಕೂತವಳು ಹೊಸ ಬೀಗಿತಿ ರಿಸ್ಟೆನ್. ಅವಳ ಮಗನಿಗೂ ಅಜ್ಜನ ಮೊಮ್ಮಗಳು ಸಿಗ್ನೆಗೂ ಮದುವೆ ಗೊತ್ತಾಗಿ, ಮಾತುಕತೆಗೆಂದು ಉತ್ತರದ ಕೌಟೊಕೈನೊ ಊರಿನಿಂದ ಓಸ್ಲೋಗೆ ಬಂದ, ಹಿಮಸಾರಂಗ ಸಾಕುವ ಸಾಮಿ ಜನಾಂಗದ ಹೆಂಗಸು. ಚಿತ್ರದಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು, ಕುಡಿದು ತೂರಾಡಿ, ಹಿಮಸಾರಂಗ ಕದಿಯುವ ಸಾಮಿ ಪೆದ್ದನಾಗಿ ನಟಿಸಿದವನು ಹರೆಯದ ಟೋರ್ಲೈವ್.

"ಸಿಗ್ನೆ, ಚಾನೆಲ್ ಬದಲಾಯಿಸೇ. ಹವಾಮಾನ ನೋಡೋಣ" ಎಂದ ಅಜ್ಜ. ಸಿಗ್ನೆಯ ಮುಖವೂ ಬಿಳಿಚಿಕೊಂಡಿತ್ತು. ಕೂಡಿಬಂದ ಸಂಬಂಧ ಮುರಿದೇಹೋಯಿತು ಎಂದುಕೊಂಡಳು.

"ಇರ್ಲಿ ಬಿಡಿ" ಎಂದಳು ರಿಸ್ಟೆನ್. ರಿಮೋಟ್ ಅವಳ ಮಡಿಲಲ್ಲಿತ್ತು. "ಇದನ್ನ ನಮ್ಮನೇಲೂ ಪ್ರತಿ ಈಸ್ಟರಿಗೆ ನೋಡ್ತಿದ್ವಿ."

ತೆರೆಯ ಮೇಲಿನ ಪೆದ್ದ ಹೊಳೆಗೆ ಬಿದ್ದ. ರಿಸ್ಟೆನ್ ನಕ್ಕಳು. ನಿಜವಾದ ನಗುವೋ ನೆಂಟಸ್ತನದ ನಗುವೋ ಅಜ್ಜನಿಗೆ ತಿಳಿಯಲಿಲ್ಲ. ಪೆದ್ದ ದಡಕ್ಕೆ ಹತ್ತಿ ಏನೋ ಬಡಬಡಿಸತೊಡಗಿದ. ರಿಸ್ಟೆನ್ ತಟ್ಟನೆ ಸದ್ದು ನಿಲ್ಲಿಸಿದಳು.

"ಇಲ್ಲಿ ನಮ್ಮಪ್ಪ ಯಾವಾಗ್ಲೂ ಸದ್ದು ನಿಲ್ಲಿಸ್ತಿದ್ರು. ಅದೇ ನಮ್ಮ ಭಾಷೆ ಅಂದ್ಕೊಂಡು ಶಾಲೇಲಿ ಹುಡುಗ್ರು ನನ್ನ ಮುಖಕ್ಕೇ ಹಾಗೆ ಬಡಬಡಿಸೋರು."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಅದು ನಾನೇ ಕಣಮ್ಮ" ಎಂದ ಅಜ್ಜ.

"ಗೊತ್ತು ಬೀಗರೇ. ಆ ಮೂಗನ್ನ ಎಲ್ಲಿ ಅಡಗಿಸ್ತೀರಿ?"

"ಬಾಯಿಗೆ ಬಂದದ್ದು ಹೇಳು ಅಂದ್ರು, ಹೇಳ್ದೆ. ತಪ್ಪಾಯ್ತು."

"ತಪ್ಪೇ" ಎಂದಳು ರಿಸ್ಟೆನ್, ಉಪಚಾರಕ್ಕೂ ಅಲ್ಲಗಳೆಯದೆ. ಅಜ್ಜ ತಲೆ ತಗ್ಗಿಸಿದ. ಅವಳು ಮತ್ತೆ ಸದ್ದು ಜೋರು ಮಾಡಿದಳು. "ತಲೆ ಎತ್ತಿ ಈಗ. ನಾವು ಕಾಯ್ತಾ ಇದ್ದದ್ದು ಇದಕ್ಕೇ."

ಪೆದ್ದ ಮನೆಗೆ ಬಂದ. ಏಳು ಮಕ್ಕಳು ಸಾಲಾಗಿ ನಿಂತು ನೋಡುತ್ತಿರಲು ಹೆಂಡತಿ ಸೌಟಿನಿಂದ ಬಾರಿಸಿದಳು. ರಿಸ್ಟೆನ್ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಸೊಂಟ ನೋಡಿ, ಸೊಂಟ! ಬೆಲ್ಟಿನ ಬೆಳ್ಳಿ ಗುಂಡಿ ದುಂಡಗಿದೆ. ನಮ್ಮೂರಲ್ಲಿ ಮದುವೆ ಆದವರದ್ದು ಚೌಕ, ಆಗದವರದ್ದು ದುಂಡು. ಮನೇಲಿ ಏಳು ಮಕ್ಕಳು, ಸೊಂಟದಲ್ಲಿ ಬ್ರಹ್ಮಚಾರಿ ಬೆಲ್ಟು! ಹೆಂಡತಿ ಹೊಡೀದೆ ಮುದ್ದು ಮಾಡ್ತಾಳಾ? ದೇಶವೆಲ್ಲ ನಮ್ಮನ್ನ ನೋಡಿ ನಗ್ತಿದ್ರೆ, ನಾವು ನಿಮ್ಮ ಸೊಂಟ ನೋಡಿ ನಗ್ತಿದ್ವಿ."

ಬಾಗಿಲಿಗೆ ಒರಗಿದ್ದ ಸಿಗ್ನೆ ನಿಟ್ಟುಸಿರುಬಿಟ್ಟು ನಕ್ಕಳು. ಅಜ್ಜನೂ ಕೆಮ್ಮು ಬರುವವರೆಗೆ ನಕ್ಕ. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ನೀರು ಕುಡಿದು ಸುಧಾರಿಸಿಕೊಂಡ.

"ಅಲ್ಲಮ್ಮ, ಇಷ್ಟು ವರ್ಷದಲ್ಲಿ ನಿಮ್ಮವರು ಒಬ್ಬರಾದ್ರೂ ನಮಗೆ ಹೇಳಬಾರ್ದಿತ್ತಾ?"

ರಿಸ್ಟೆನ್ ಕಣ್ಣೊರೆಸಿಕೊಂಡಳು. "ಹೇಳಿದ್ರೆ ಮುಂದಿನ ಚಿತ್ರದಲ್ಲಿ ಗುಂಡಿ ಮಾತ್ರ ಸರಿಮಾಡ್ತಿದ್ರಿ, ಬೀಗರೇ. ಆಮೇಲೆ ನಮಗೆ ನಗೋದಕ್ಕೆ ಏನು ಉಳೀತಿತ್ತು?"