ಮೂರನೆಯ ಕರೆ

“ಮಾವಾ, ಬಡಿಸಿ ಆಯಿತು, ಒಳಗೆ ಬನ್ನಿ!” ಸೋದರಳಿಯ ಕಾಂತಪ್ಪ ಹೊಸ್ತಿಲಲ್ಲಿ ನಿಂತು ಮುಸ್ಸಂಜೆಯ ಅಂಗಳಕ್ಕೆ ಎರಡನೆಯ ಸಲ ಕೂಗಿದ. ಸತ್ತು ಹದಿನಾರು ದಿನವಾಗಿದ್ದ ದೂಮಪ್ಪನನ್ನು ಹಿರಿಯರ ಸಾಲಿಗೆ ಸೇರಿಸುವ ಕರೆ ಅದು. ಮೂರನೆಯದಾದ ಮೇಲೆ, ಸತ್ತವರು ಉಣ್ಣಲೆಂದು ಬಾಗಿಲು ಮುಚ್ಚುತ್ತಾರೆ.

ಮಗಳು ಕಲ್ಯಾಣಿ ಅಂಗಳದ ಅಂಚಿನಲ್ಲಿ ನಿಂತಿದ್ದಳು. ನಲವತ್ತು ವರ್ಷ ಅಪ್ಪ ಬೆವರು ಸುರಿಸಿದ್ದು ಶಿರ್ತಾಡಿಯಲ್ಲಿ, ಹೆಂಡತಿಯ ಮನೆಯ ಗದ್ದೆಯಲ್ಲಿ. ಕಲ್ಯಾಣಿಯನ್ನೂ ಆಮೇಲೆ ಅವಳ ಮಕ್ಕಳನ್ನೂ ಹೆಗಲ ಮೇಲೆ ಹೊತ್ತು ತೋಡು ದಾಟಿಸಿ ಶಾಲೆಗೆ ಬಿಟ್ಟದ್ದೂ ಅಲ್ಲಿಯೇ. ಆದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನಲ್ಲಿ ಗಂಡಸು ಸತ್ತ ಮೇಲೆ ಅಕ್ಕತಂಗಿಯರ ಮನೆಗೆ ಸೇರಿದವನು. ಸಿದ್ಧಕಟ್ಟೆಯ ಈ ಮನೆಯಲ್ಲಿ ಕರೆಯುವ ಹಕ್ಕು ಸೋದರಳಿಯನದು. ಮಗಳು ಬರೀ ನೆಂಟರ ಪೈಕಿ.

ಅಪ್ಪ ಇನ್ನೂ ಒಳಗೆ ಹೋಗಿಲ್ಲವೆಂದು ಅವಳಿಗೆ ಮಾತ್ರ ಗೊತ್ತಿತ್ತು. ಅಮ್ಮ ಎಷ್ಟು ಕರೆದರೂ “ಮಕ್ಕಳದ್ದು ಊಟ ಆಗಲಿ ಮಾರಾಯ್ತಿ” ಎಂದು ಜಗಲಿಯಲ್ಲೇ ಕೂತಿರುತ್ತಿದ್ದವರು. ಮಗಳು, ಮೊಮ್ಮಕ್ಕಳು ಉಂಡೇಳದೆ ಒಂದು ದಿನವೂ ಎಲೆಯ ಮುಂದೆ ಕೂತವರಲ್ಲ. ಇವತ್ತು ಬೆಳಗಿನಿಂದ ಅವಳ ಬಾಯಿಗೆ ಒಂದಗುಳೂ ಬಿದ್ದಿರಲಿಲ್ಲ.

ಕಾಂತಪ್ಪ ಮತ್ತೆ ಬಾಯಿ ತೆರೆಯುವ ಮೊದಲೇ ಕಲ್ಯಾಣಿ ಪಕ್ಕದ ಕತ್ತಲಿಗೆ ಮೆಲ್ಲನೆ ಹೇಳಿದಳು: “ನನ್ನದು ಊಟ ಆಯಿತು ಅಪ್ಪ. ಮಕ್ಕಳದ್ದೂ ಆಯಿತು. ನೀವಿನ್ನು ಹೋಗಿ.”

ಮೂರನೆಯ ಕರೆ ಕೇಳಿಸಿತು. ಬಾಗಿಲು ಮುಚ್ಚಿತು. ಅಷ್ಟು ಜನ ತುಂಬಿದ್ದ ಅಂಗಳದಲ್ಲಿ ಕಲ್ಯಾಣಿಯ ಪಕ್ಕ ಈಗ ಯಾರೂ ಇರಲಿಲ್ಲ.