ಫೋಟೊದಲ್ಲಿದ್ದ ಉಂಗುರ

ಸಂಡೂರಿನ ಲ್ಯಾಬಿನ ಕಿಟಕಿಯ ಬೆಳಕಿಗೆ ಸುಧಾರಾಣಿ ಗಾಜಿನ ತಟ್ಟೆಯನ್ನು ಮತ್ತೊಮ್ಮೆ ಹಿಡಿದಳು. ಉಪ್ಪುನೀರಿನಲ್ಲಿ ಬಿಟ್ಟಿದ್ದ ಸಿಗಡಿ ಮರಿಗಳಲ್ಲಿ ಒಂದೂ ಮಿಸುಕಲಿಲ್ಲ. ಆ ನೀರಿಗೆ ಅವಳು ಹಾಕಿದ್ದು ತಾನೇ ತಯಾರಿಸಿದ ಮಾಲಿಬ್ಡಿನಂ ಎಂಬ ಲೋಹದ ಪೆರಾಕ್ಸೋ ಸಂಯುಕ್ತದ ಹಳದಿ ಪುಡಿ, ಅದೂ ಚೂರೇ ಚೂರು. ನಿನ್ನೆ ಅದೇ ಪುಡಿ ಅಪ್ಪನ ಕಾಲಿನ ಹುಣ್ಣಿನಿಂದ ತಂದು ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾಗಳನ್ನು ಕೊಂದಿತ್ತು. ಅವು ಸತ್ತ ಜಾಗ ಉಂಗುರದಂತೆ ತಿಳಿಯಾಗಿ ಕಂಡದ್ದೇ ತಡ, ಹಿಗ್ಗಿ ಫೋಟೊ ತೆಗೆದು ಅಪ್ಪನ ಫೋನಿಗೆ ಕಳಿಸಿದ್ದಳು. ಪುಡಿ ವಿಷವೋ ಅಲ್ಲವೋ ಎಂದು ಸಿಗಡಿ ಮರಿಗಳ ಮೇಲೆ ನೋಡುವ ಈ ಪರೀಕ್ಷೆ ಬಾಕಿ ಇದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಫೋನು ರಿಂಗಾಯಿತು. ಹೊಸಪೇಟೆಯ ಆಸ್ಪತ್ರೆಯಿಂದ ಅಪ್ಪ ದುರುಗಣ್ಣ.

“ಕಾಲು ತೆಗೀತೀವಿ ಅಂತ ಡಾಕ್ಟ್ರು ಮತ್ತ ಬಂದಿದ್ರವ್ವ. ಬ್ಯಾಡ್ರಿ, ನನ್ನ ಮಗಳು ಔಷಧಿ ಕಂಡ್ಹಿಡದಾಳ ಅಂತ ಫೋಟೊ ತೋರಿಸಿದೆ.” ಅಪ್ಪ ನಕ್ಕ. “ಯಾವಾಗ ತರ್ತೀ?”

ಸುಧಾರಾಣಿ ತಟ್ಟೆಯನ್ನು ಮೆಲ್ಲಗೆ ಅಲ್ಲಾಡಿಸಿದಳು. ಮರಿಗಳು ನೀರಿನ ಜೊತೆ ಅತ್ತಿತ್ತ ಹೊಯ್ದಾಡಿ ಮತ್ತೆ ತಳಕ್ಕಿಳಿದವು.

“ಅಪ್ಪಾ, ಡಾಕ್ಟ್ರು ಅಲ್ಲೇ ಅದಾರೇನು? ಅವರ ಕೈಗೆ ಫೋನ್ ಕೊಡು.”

“ಡಾಕ್ಟ್ರೇ, ಇಲ್ಲಿ ಬರ್ರಿ!” ವಾರ್ಡಿಗೆಲ್ಲ ಕೇಳುವಂತೆ ಅಪ್ಪ ಕೂಗಿದ. “ನನ್ನ ಮಗಳೇ ನಿಮಗ ಹೇಳ್ತಾಳಂತ!”