ಗುಂಪಿನೊಳಗಿನ ಹುಡುಗಿ

“ಈ ಹೊಸ ಸರಣೀನ ಎಲ್ಲಿಂದ ಶುರು ಮಾಡ್ಬೇಕಪ್ಪ?” ಕಾಮಿಕ್ಸ್ ಅಂಗಡಿಗೆ ಬಂದ ಹೆಂಗಸು ಕೇಳಿದರು.

“ಈ ಒಂದನೇ ಸಂಚಿಕೆಯಿಂದಾನೇ ಮೇಡಂ. ಕಥೆ ಪೂರ್ತಿ ಹೊಸದಾಗಿ ಶುರು ಮಾಡಿದಾರೆ. ಹಳೇದನ್ನ ಓದಿರಲೇಬೇಕು ಅಂತೇನಿಲ್ಲ.” ಅಂಗಡಿಯ ಯುವಕ ಉತ್ಸಾಹದಿಂದ ಪುಸ್ತಕ ಕೊಟ್ಟ.

ಅವರು ಆಕಾಶದಲ್ಲಿ ಹಾರುವ ನಾಯಕನತ್ತ ನೋಡಲೇ ಇಲ್ಲ. ಕೆಳಗೆ ಬೀದಿಯಲ್ಲಿ ತಲೆಯೆತ್ತಿ ನಿಂತ ಜನರ ಮುಖಗಳ ಮೇಲೆ ಬೆರಳಾಡಿಸುತ್ತ ಕೊನೆಯ ಪುಟದವರೆಗೂ ಹುಡುಕಿದರು.

“ಹಳೇದರಲ್ಲಿ ಗುಂಪಿನೊಳಗೆ ಒಬ್ಬಳು ಹುಡುಗಿ ಇರ್ತಿದ್ಲಲ್ಲ...”

“ಕೆನ್ನೆ ಮೇಲೆ ಮಚ್ಚೆ ಇರೋಳು! ಸಂಚಿಕೆ ಬಂದ ತಕ್ಷಣ ನಾವೆಲ್ಲ ಮೊದ್ಲು ಅವಳನ್ನೇ ಹುಡುಕ್ತಿದ್ವಿ. ಮೊದಮೊದ್ಲು ಕೊರಳಲ್ಲಿ ವಾಟರ್ ಬಾಟಲು ಹಾಕ್ಕೊಂಡಿರ್ತಿದ್ಲು. ಆಮೇಲೆ ಸೈಕಲ್ಲು. ಕೊನೇ ಸಂಚಿಕೇಲಿ ಕಾಲೇಜ್ ಬ್ಯಾಗು. ನಮ್ ಜೊತೆಗೇ ಬೆಳೆದ್ಲು ನೋಡಿ. ಆದ್ರೆ ಹೊಸದರಲ್ಲಿ ಅವಳಿಲ್ಲ ಮೇಡಂ. ಚಿತ್ರ ಬರೀತಿದ್ದೋರು ಹೋದ ವರ್ಷ ತೀರ್ಕೊಂಡ್ರಲ್ಲ, ಈಗ ಬೇರೆಯವರು ಬರೀತಾರೆ.”

ಅವರು ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಅವನ ಕೈಗೇ ಹಿಂದಿರುಗಿಸಿದರು.

“ಹಾಗಾದ್ರೆ ಹಳೇದೇ ಕೊಡಪ್ಪ, ಮೊದಲನೇದರಿಂದ.”

“ಆ ಹುಡುಗಿ ನಿಮಗೆ ಗೊತ್ತಾ ಮೇಡಂ?”

“ನನ್ನ ಮಗಳು.”

ಅವನ ಮುಖ ಅರಳಿತು. “ಹೌದಾ! ಈಗ ಏನು ಓದ್ತಿದಾರೆ?”

“ಒಂದನೇ ಕ್ಲಾಸಲ್ಲಿದ್ದಾಗ್ಲೇ ತೀರ್ಕೊಂಡ್ಲಪ್ಪ. ಆ ಚಿತ್ರಗಳಲ್ಲಿ ಕಾಲೇಜಿನವರೆಗೂ ಓದಿಸಿದ್ದು ನಮ್ಮ ಯಜಮಾನ್ರು.”